ಉಪ್ಪು ನೋಡುವ ಕೆಲಸ

ಹೋಟೆಲಿಗೆ ಹೋಗುವವನು ಊಟ ಮಾಡಿ ಕೈ ತೊಳೆದು ಬರಲು ಹೋಗುತ್ತಾನೆ. ದೊಡ್ಡಬಳ್ಳಾಪುರದ ಪೇಟೆ ಬೀದಿಯ ಭಟ್ಟರ ಹೋಟೆಲಿಗೆ ನಾನೂ ಅಷ್ಟಕ್ಕೇ ಹೋದದ್ದು. ಅಲ್ಲಿ ನನಗೊಂದು ಕೆಲಸ ಅಂಟಿಕೊಂಡಿತು. ಸಂಬಳವಿಲ್ಲ, ರಜೆಯಿಲ್ಲ, ಬೈಗುಳ ಮಾತ್ರ ಧಾರಾಳ.

ಆಗ ಯುದ್ಧದ ಕಾಲ. ನಾನು ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಜಡಿಗೇನಹಳ್ಳಿ ಕಡೆಯ ಒಕ್ಕಲು ಮನೆಯವನು. ಮದುವೆಯಾಗಿರಲಿಲ್ಲ, ಅಡಿಗೆಯೂ ಬರುತ್ತಿರಲಿಲ್ಲ. ನೇಕಾರರ ಬೀದಿಯಲ್ಲಿ ಒಂದು ಕೋಣೆ ಹಿಡಿದು, ಮಗ್ಗದ ಸದ್ದಿಗೆ ಏಳುತ್ತಿದ್ದೆ. ಮಧ್ಯಾಹ್ನದ ಗಾಡಿ ಹೋದ ಮೇಲೆ ಊಟಕ್ಕೆ ಬರಬೇಕು, ಗೂಡ್ಸ್ ಗಾಡಿ ಬರುವಷ್ಟರಲ್ಲಿ ಮತ್ತೆ ಓಡಬೇಕು.

ಭಟ್ಟರದು ಮನೆಯ ಮುಂದಿನ ಅಂಕಣವೇ ಹೋಟೆಲು. ಹಿಂದಿನ ವರ್ಷ ವಿಷಮಶೀತ ಜ್ವರ ಗಂಡಹೆಂಡಿರಿಬ್ಬರನ್ನೂ ಹಿಡಿದಿತ್ತು. ಹೆಂಡತಿ ತೀರಿಕೊಂಡರು, ಭಟ್ಟರು ಉಳಿದರು. ಮಕ್ಕಳಿರಲಿಲ್ಲ. ಅವರೇ ಬೇಯಿಸಿ ಅವರೇ ಬಡಿಸುತ್ತಿದ್ದರು. ಅಕ್ಕಿಗೆ ರೇಷನ್ ಬಂದು ಯಾವ ಹೋಟೆಲಿಗೆ ಹೋದರೂ ಅನ್ನದಲ್ಲಿ ಕಲ್ಲು ಸಿಗುತ್ತಿದ್ದ ದಿನಗಳವು. ಜನ ಅಲ್ಲಿಗೆ ಬರುತ್ತಿದ್ದುದು ಅವರ ಹುಳಿಗಾಗಿ.

ಎಲ್ಲಕ್ಕೂ ಕಾರಣ ನನ್ನ ಬಾಯಿ. ಹೋದ ಹೊಸದರಲ್ಲಿ ಒಂದು ದಿನ, "ಭಟ್ರೇ, ಹುಳಿ ಚೆನ್ನಾಗಿದೆ, ಉಪ್ಪು ಒಂಚೂರು ಮುಂದಾಗಿದೆ" ಅಂದೆ. ಭಟ್ಟರು ಸೌಟು ಹಿಡಿದುಕೊಂಡೇ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಮರುದಿನ ನಾನು ಎಲೆಯ ಮುಂದೆ ಕೂರುವ ಮೊದಲೇ ಒಳಗಿನಿಂದ ಕರೆ ಬಂತು.

"ಏನಪ್ಪಾ ಸ್ಟೇಷನ್ನು, ಬಾ ಇಲ್ಲಿ. ಕೈ ಹಿಡಿ."

ಅಡಿಗೆಮನೆಯ ಹೊಸಿಲಿನಾಚೆ ಮಡಿಪಂಚೆ ಉಟ್ಟ ಅವರು, ಈಚೆ ಗೌಡರ ಮನೆಯ ನಾನು. ನನಗೆ ತಗುಲದ ಹಾಗೆ ಸೌಟನ್ನು ಮೇಲೆತ್ತಿ ಸುರಿದರು. ಆಗತಾನೇ ಒಲೆಯಿಂದ ಇಳಿದ ಹುಳಿ, ಬರೀ ಅಂಗೈಗೆ. ಕೈ ಸುಟ್ಟು ನಾನು ಒದ್ದಾಡುತ್ತಿದ್ದರೆ ಅವರು ಕಣ್ಣು ಮಿಟುಕಿಸದೆ, "ಉಪ್ಪು ಹೇಗಿದೆ, ಹೇಳು" ಅಂದರು.

"ನೀವೇ ಒಂದು ಹನಿ ಬಾಯಿಗೆ ಹಾಕ್ಕೊಂಡು ನೋಡಬಾರದಾ ಭಟ್ರೇ?"

"ಬಡಿಸೋನು ಮೊದಲು ತಿನ್ನಬಾರದು. ಅವಳು ಹೋದ ಮೇಲೆ ಹಿಡಿದ ವ್ರತ ಇದು. ಎಲ್ಲರದೂ ಆದ ಮೇಲೇ ನಂದು."

ವ್ರತ ಅವರದು, ಸುಡುವುದು ನನ್ನ ಕೈ. ಒಂದು ದಿನದ ಮಾತು ಅಂದುಕೊಂಡಿದ್ದೆ, ಅದು ದಿನಚರಿಯೇ ಆಗಿಹೋಯಿತು. ಎಲ್ಲರೂ ಕಾಲು ತೊಳೆದು ಬಂದು ಹಾಯಾಗಿ ಕೂತರೆ, ನಾನು ಹೊಸಿಲ ಮುಂದೆ ಪ್ರಸಾದಕ್ಕೆ ನಿಂತವನ ಹಾಗೆ ಅಂಗೈ ಚಾಚಬೇಕು. ಗಾಡಿ ತಡವಾದ ದಿನ ಭಟ್ಟರು ನನ್ನನ್ನು ಕಾಯುತ್ತಾ ಯಾರಿಗೂ ಹುಳಿ ಬಡಿಸುತ್ತಿರಲಿಲ್ಲ. ನಾನು ಏದುಸಿರು ಬಿಡುತ್ತಾ ಬಂದರೆ, ಬರೀ ಅನ್ನ ನೋಡುತ್ತಾ ಕೂತವರೆಲ್ಲ ಗಾಡಿಯನ್ನು ನಾನೇ ನಿಲ್ಲಿಸಿಕೊಂಡಿದ್ದೆನೋ ಎಂಬಂತೆ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು.

ಇದರ ಮೇಲೆ ಬೈಗುಳ ಬೇರೆ. ಹುಳಿ ಚೆನ್ನಾಗಿದ್ದರೆ ಹೊಗಳಿಕೆ ಭಟ್ಟರಿಗೆ, ಉಪ್ಪು ಒಂದು ಕಾಳು ಆಚೀಚೆಯಾದರೆ ಮಂಗಳಾರತಿ ನನಗೆ. ಅಲ್ಲಿಗೆ ದಿನಾ ಬರುತ್ತಿದ್ದ ರೇಷ್ಮೆ ವ್ಯಾಪಾರಿಯೊಬ್ಬರಿದ್ದರು, ಗಂಟಲು ದೊಡ್ಡದು. "ಏನ್ರೀ ಸ್ಟೇಷನ್ನು, ನಾಲಿಗೇನ ಟಿಕೆಟ್ ಕಿಟಕೀಲಿ ಬಿಟ್ಟು ಬಂದ್ರಾ?" ಎಂದು ಇಡೀ ಪಂಕ್ತಿಗೆ ಕೇಳುವಂತೆ ಅನ್ನುತ್ತಿದ್ದರು. ಪಂಕ್ತಿ ನಗುತ್ತಿತ್ತು. ಒಂದು ದಿನ ತೂಬಗೆರೆ ಕಡೆಯ ರೈತನೊಬ್ಬ ಟಿಕೆಟ್ ತಗೊಂಡು, ಕಿಟಕಿಯೊಳಗೆ ತಲೆ ತೂರಿಸಿ, "ಸ್ವಾಮಿ, ಇವತ್ತು ಭಟ್ಟರ ಹುಳಿ ಹೆಂಗೈತೆ?" ಎಂದು ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಸಾಕಾಯಿತು ಅಂದುಕೊಂಡೆ. ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಹೋಟೆಲಿತ್ತು. ಅಲ್ಲಿನ ಸಾರು ನೀರು ನೀರು, ನಿಜ. ಆದರೆ ಅಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಆ ಸುಖವೇ ಬೇಕಾಗಿತ್ತು. ಮುಂದಿನ ವಾರದಿಂದ ಅಲ್ಲಿಗೇ ಎಂದು ತೀರ್ಮಾನಿಸಿದವನಿಗೆ ಅಷ್ಟರಲ್ಲಿ ಚಳಿಜ್ವರ ಬಂತು. ಕೆಲವು ದಿನ ಕೋಣೆಯಲ್ಲಿ ಕಂಬಳಿ ಹೊದ್ದು, ಮಗ್ಗದ ಮನೆಯಾಕೆ ಕೊಟ್ಟ ಗಂಜಿ ಕುಡಿದು ಮಲಗಿದೆ. ಜ್ವರ ಬಿಟ್ಟ ದಿನ ನಾಲಿಗೆ ಬೇಡಿದ್ದು ಭಟ್ಟರ ಹುಳಿಯನ್ನೇ. ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬಂತು. ಆದರೂ ಹೋದೆ.

ಊಟದ ಹೊತ್ತು, ಆದರೆ ಅಂಕಣ ಖಾಲಿ.

"ಬಂದೆಯೇನಪ್ಪಾ? ಸೊರಗಿ ಹೋಗಿದೀಯ" ಅಂದರು ಭಟ್ಟರು. "ಇವತ್ತು ಕೈ ಹಿಡಿಯೋದು ಬೇಡ. ಸುಮ್ನೆ ಕೂತು ಊಟ ಮಾಡು. ಯಾಕೋ ನಿನ್ನೆಯಿಂದ ಜನ ಬರ್ತಿಲ್ಲ. ಇನ್ಯಾರು ಬರ್ತಾರೆ, ನಾನೂ ಕೂತ್ಕೋತೀನಿ."

ಅಂತೂ ಒಂದು ದಿನ ಬರೀ ಗಿರಾಕಿಯಾಗಿ ಕೂತೆನಲ್ಲ ಎಂದು ನನಗೆ ಖುಷಿಯಾಯಿತು. ನನಗೆ ಬಡಿಸಿ ಅವರು ಒಳಗೆ ಒಲೆಯ ಪಕ್ಕ ತಮ್ಮ ಎಲೆ ಹಾಕಿಕೊಂಡರು. ತೆರೆದ ಬಾಗಿಲಿನಿಂದ ಅವರು ಕಾಣುತ್ತಿದ್ದರು. ನಾನು ಹುಳಿ ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪೆಂದರೆ ಉಪ್ಪು, ನಾಲಿಗೆ ಸೀಳುವಷ್ಟು. ತಲೆಯೆತ್ತಿ ನೋಡಿದರೆ ಭಟ್ಟರು ಅದೇ ಹುಳಿಯನ್ನು ಅನ್ನದ ಮೇಲೆ ಎರಡನೆಯ ಸಲ ಸುರಿದುಕೊಂಡು, ನಿಧಾನವಾಗಿ ಕಲಸಿ ಉಣ್ಣುತ್ತಿದ್ದಾರೆ. ಮುಖದಲ್ಲಿ ಏನೂ ಇಲ್ಲ.

"ಭಟ್ರೇ, ಉಪ್ಪು..." ಅಂದೆ.

ಅವರು ಗಾಬರಿಯಿಂದ ನನ್ನ ಮುಖ ನೋಡಿದರು. "ಕಮ್ಮಿ ಆಯ್ತು ಅಲ್ವಾ? ನಂಗೂ ಹಂಗೇ ಅನ್ನಿಸ್ತು" ಅಂದು, ಎಡಗೈಯಿಂದ ಉಪ್ಪಿನ ಜಾಡಿಯನ್ನು ಹೊಸಿಲಿನ ಕಡೆಗೆ ನೂಕಿದರು.

ವ್ರತವೂ ಇಲ್ಲ, ಗಿತವೂ ಇಲ್ಲ. ಹೆಂಡತಿಯನ್ನು ಕೊಂಡೊಯ್ದ ಜ್ವರ ಇವರ ನಾಲಿಗೆಯ ರುಚಿಯನ್ನೂ ಕೊಂಡೊಯ್ದಿತ್ತು. ಅಡಿಗೆಯವನಿಗೆ ರುಚಿಯೇ ತಿಳಿಯುವುದಿಲ್ಲ ಎಂದು ಊರಿಗೆ ಗೊತ್ತಾದರೆ ಆ ಒಲೆಗೆ ಮತ್ತೆ ಬೆಂಕಿಯಿಲ್ಲ. ನನಗೆ ಅಳು ಬರುವಷ್ಟು ಪಾಪ ಅನ್ನಿಸಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ದಿನ ಕೈ ಸುಟ್ಟಿದ್ದಾರಲ್ಲ, ಒಂದು ಮಾತು ಹೇಳಬಾರದಿತ್ತೇ? ಜಾಡಿಯಿಂದ ಒಂದು ಹರಳು ತೆಗೆದು ಎಲೆಯ ತುದಿಗೆ ಹಾಕಿಕೊಂಡೆ. ಎಲೆಯಲ್ಲಿದ್ದದ್ದನ್ನೆಲ್ಲ ಉಂಡು ಚೊಂಬಿನ ನೀರನ್ನು ಗಟಗಟ ಕುಡಿದೆ, ಇನ್ನೊಂದು ಚೊಂಬು ತುಂಬಿಕೊಂಡು ಅದನ್ನೂ ಕುಡಿದೆ. ಅದನ್ನು ನೋಡುತ್ತಿದ್ದ ಭಟ್ಟರ ಕೈ ಎಲೆಯ ಮೇಲೆ ಹಾಗೇ ನಿಂತುಬಿಟ್ಟಿತು.

ಅಲ್ಲಿಂದ ನೇರ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋದೆ. ಅಂದುಕೊಂಡಂತೆಯೇ ಪಂಕ್ತಿಗೆ ಪಂಕ್ತಿಯೇ ಅಲ್ಲಿ ನೀರುಸಾರು ಉಣ್ಣುತ್ತಿತ್ತು.

"ಬಾಯಿಗಿಡೋ ಹಾಗಿರಲಿಲ್ಲ ಕಣ್ರೀ" ಅಂದರು ರೇಷ್ಮೆ ವ್ಯಾಪಾರಿ. "ಆ ಹಿರಿಯರಿಗೆ ಮುಖದ ಮೇಲೆ ಹೆಂಗೆ ಹೇಳೋದು, ಮೊದಲೇ ನೊಂದಿರೋ ಜೀವ. ಬೈಯೋಣ ಅಂದ್ರೆ ನೀವಿಲ್ಲ. ಎದ್ದು ಬಂದ್ವಿ. ಅವರಿಗೆ ಕೈ ಹಿಡಿತ ತಪ್ಪಿದೆ ಬಿಡಿ."

"ಅವರಿಗೇನೂ ತಪ್ಪಿಲ್ಲ" ಅಂದೆ. "ಅವತ್ತು ಬೆಳಿಗ್ಗೆನೇ ಹಿತ್ತಿಲ ಬಾಗಿಲಿಗೆ ಹೋಗಿ ಉಪ್ಪು ನಾನೇ ನೋಡಿದ್ದು. ಜ್ವರದ ಬಾಯಿ, ಏನೂ ತಿಳೀಲಿಲ್ಲ. ಇನ್ನೂ ಹಾಕಿ, ಇನ್ನೂ ಹಾಕಿ ಅಂದೆ. ಪಾಪ, ನನ್ನ ಮಾತು ನಂಬಿ ಹಾಕಿದ್ರು."

ಆಮೇಲೆ ಕೇಳಬೇಕೇ? ಇಡೀ ಪಂಕ್ತಿ ಊಟ ಬಿಟ್ಟು ನನಗೆ ಬೈಯಿತು. ನನ್ನನ್ನು ಟಿಕೆಟ್ ಕೊಡಲು ಕೂರಿಸಿದ ರೈಲ್ವೆಯವರಿಗೂ ಬಿತ್ತು. ನಿಂತು ಕೇಳಿಸಿಕೊಂಡೆ. ಬೈದ ಮೇಲೆ ಅವರಿಗೆ ಸಮಾಧಾನವಾದಂತೆ ಕಂಡಿತು.

ಮರುದಿನ ಅಂಕಣ ತುಂಬಿತ್ತು. ಯಾರೂ ಕರೆಯದೆ ನಾನೇ ಹೋಗಿ ಹೊಸಿಲ ಮುಂದೆ ನಿಂತು ಅಂಗೈ ಚಾಚಿದೆ. ಭಟ್ಟರು ಸೌಟು ಎತ್ತಲಿಲ್ಲ. ನನ್ನನ್ನು ದಾಟಿ ಹೊರಗೆ ಕೂತವರ ಕಡೆ ಒಮ್ಮೆ ನೋಡಿ, ಬಾಗಿಲನ್ನು ಅರ್ಧ ಮುಂದೆ ಮಾಡಿದರು. ತಮ್ಮ ಹೆಂಡತಿಯ ಹೊರತು ಯಾರನ್ನೂ ಆ ಒಲೆಯ ಹತ್ತಿರ ಬಿಡದ ಮನುಷ್ಯ, ಉಪ್ಪಿನ ಜಾಡಿಯನ್ನು ನನ್ನ ಕೈಗಿಟ್ಟರು.

"ಒಳಗೆ ಬಾ. ನೀನೇ ಹಾಕು" ಅಂದರು.

ಇಷ್ಟು ದಿನ ಉಪ್ಪು ನೋಡುವುದಷ್ಟೇ ಇತ್ತು, ಇನ್ನು ಮೇಲೆ ಹಾಕುವುದೂ ನನ್ನ ತಲೆಗೇ ಬಂತು. ಗೊಣಗಿಕೊಂಡೇ ಹೊಸಿಲು ದಾಟಿದೆ.