ಚರಗದ ಮರುಕೂಗು

ನಾನು ಸೊಸೆಯಾಗಿ ಬೆಳುಂಕಿಗೆ ಬಂದಾಗ ಪಕ್ಕದ ಮನೆಯಲ್ಲಿ ಹಾಲವ್ವ ಒಬ್ಬಳೇ ಇದ್ದಳು. ಗಂಡ ಬಸಗೊಂಡ ಅದೇ ವರ್ಷ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮೈದುನ ದುಂಡಪ್ಪ ತನ್ನ ಹೆಂಡತಿ ಇಂದ್ರಾಬಾಯಿಯೊಂದಿಗೆ ಓಣಿಯ ಆ ತುದಿಯಲ್ಲಿದ್ದ. ಆದರೆ ಎರಡು ಮನೆಗಳ ನಡುವೆ ಮಾತು ನಿಂತುಹೋಗಿತ್ತು. ಜಗಳ ಹೊಲಕ್ಕಲ್ಲ, ಬಂಗಾರಕ್ಕಲ್ಲ, ಒಲೆಗೆ. ಬಸಗೊಂಡನ ದಿನಕರ್ಮ ಮುಗಿದ ಮೇಲೆ ದುಂಡಪ್ಪ ಬಂದು ಅತ್ತಿಗೆಗೆ, "ವೈನಿ, ಒಬ್ಬಾಕಿಗಿ ಒಂದ ಒಲಿ ಯಾಕ? ನಮ್ಮನಿಗಿ ಬಂದ ಉಣ್ರಿ" ಅಂದನಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ಹಾಲವ್ವನಿಗೆ ಮಾತ್ರ ಅದು ಎದೆಗೆ ಚುಚ್ಚಿತು.

"ನಿಮ್ಮಣ್ಣ ಹ್ವಾದ ಅಂತ ನನ್ನ ಒಲಿನೂ ಆರಸಾಕ ಬಂದಿ ಏನಪಾ?" ಎಂದಳು. ಅಷ್ಟೇ. ಹೊಸ್ತಿಲು ದಾಟಿ ಹೋದವನು ಮತ್ತೆ ಬರಲಿಲ್ಲ, ಇವಳೂ ಕರೆಯಲಿಲ್ಲ.

ತಮಾಷೆ ನೋಡಿ, ಅಷ್ಟು ಹಟ ಹಿಡಿದು ಉಳಿಸಿಕೊಂಡ ಒಲೆಯ ಮೇಲೆ ಆಕೆ ಏನನ್ನೂ ಬೇಯಿಸುತ್ತಿರಲಿಲ್ಲ. ವಾರಕ್ಕೊಮ್ಮೆ ಜೋಳದ ರೊಟ್ಟಿ ಬಡಿದು, ಒಣಗಿಸಿ, ಬುಟ್ಟಿ ತುಂಬಿಸಿದರೆ ಮುಗಿಯಿತು. ದಿನಾ ಅದೇ ಒಣ ರೊಟ್ಟಿ, ಅದೇ ಖಾರ.

ನಮ್ಮ ಕಡೆ ಥಂಡಿಯ ದಿನಗಳೆಂದರೆ ಉಣ್ಣುವ ದಿನಗಳು. ಸಜ್ಜೆ ಮೈಗೆ ಕಾವು ಕೊಡುತ್ತದೆಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದರ ಮೇಲೆ ಬೆಣ್ಣೆ. ಆಗತಾನೇ ಚಿವುಟಿ ತಂದ ಕಡಲೆ ಚಿಗುರಿನ ಪಲ್ಯ, ಬದನೆಯ ಎಣ್ಣೆಗಾಯಿ, ಅಗಸೆ ಕುಟ್ಟಿದ ಹಿಂಡಿ, ಕಡಿದುಕೊಳ್ಳಲು ಹಸಿ ಉಳ್ಳಾಗಡ್ಡಿ, ಮೂಲಂಗಿ, ಕೆಂಪು ಗಜ್ಜರಿ ಗಡ್ಡೆ. ಥಂಡಿಯಲ್ಲಿ ಸರಿಯಾಗಿ ಉಂಡವರ ಮೈ ಬೇಸಿಗೆಗೆ ಸೋಲುವುದಿಲ್ಲ ಎಂದು ನನ್ನ ಅತ್ತೆ ಕಾಳವ್ವ ಹೇಳುತ್ತಿದ್ದಳು. ಹಾಲವ್ವನ ಹೊಲದಲ್ಲೂ ಇದೆಲ್ಲ ಬೆಳೆಯುತ್ತಿತ್ತು. ಆಕೆ ಕಡಲೆ ಚಿಗುರು ಚಿವುಟಿ ನಮ್ಮ ಮನೆಗೆ ಕೊಟ್ಟು, ತಾನು ಹೋಗಿ ಖಾರ ನೆಕ್ಕುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಟಕ್ಕೂ ಒಂದು ಮಿತಿ ಬೇಡವೇ?

ಮೂರನೆಯ ಚಳಿಗಾಲಕ್ಕೆ ಆಕೆಗೆ ಇರುಳುಗಣ್ಣು ಬಂತು. ಹೊತ್ತು ಮುಳುಗಿದರೆ ಗೋಡೆ ಹಿಡಿದು ನಡೆಯುತ್ತಿದ್ದಳು. ಅತ್ತೆ ಉಮದಿಯ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಗುಳಿಗೆ ಕೊಟ್ಟು, ಸೊಪ್ಪು-ತಪ್ಪಲು ಪಲ್ಯ, ಗಜ್ಜರಿ, ಬೆಣ್ಣೆ ತಿನ್ನದಿದ್ದರೆ ಕಣ್ಣು ಉಳಿಯುವುದಿಲ್ಲ ಎಂದರು.

"ಕೇಳಿದಿಲ್ಲ? ಇನ್ನರೆ ಕುದಿಸಿ ತಿನ್ನವಾ," ಎಂದಳು ಅತ್ತೆ.

"ಒಬ್ಬಾಕಿ ಸಲುವಾಗಿ ಪಲ್ಯ ಕುದಸಾಕ ಕೈ ಏಳಂಗಿಲ್ಲ ಯಕ್ಕಾ. ಗಂಗಾಳದ ಮುಂದ ಕುಂತ್ರ ಎದರಿಗಿ ಯಾರಿಲ್ಲ. ತುತ್ತ ಇಳಿಯಂಗಿಲ್ಲ."

 

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಅದು ಎಪ್ಪತ್ತರ ಜನವರಿ. ಪೈರು ಹೊತ್ತ ಭೂಮಿತಾಯಿ ಆಗ ತುಂಬು ಬಸುರಿ, ಆಕೆಯ ಬಯಕೆ ತೀರಿಸಲು ನಾವು ಬುತ್ತಿ ಒಯ್ದು ಹೊಲದ ಸುತ್ತ ಚರಗ ಚೆಲ್ಲುತ್ತೇವೆ. ಅದಕ್ಕೆ ಇಬ್ಬರು ಬೇಕು. ಮುಂದೆ ಹೋಗುವವರು "ಹುಲ್ಲುಲ್ಲಿಗ್ಯೋ" ಎಂದು ಕೂಗಿ ಅಡುಗೆ ಚೆಲ್ಲುತ್ತಾರೆ, ಹಿಂದೆ ಬರುವವರು "ಚಲ್ಲಾಂಬರಿಗ್ಯೋ" ಎಂದು ಮರುಕೂಗು ಹಾಕಿ ನೀರು ಚಿಮುಕಿಸುತ್ತಾರೆ. ಅರ್ಥ ಮಾತ್ರ ಕೇಳಬೇಡಿ, ನಮಗ್ಯಾರಿಗೂ ಗೊತ್ತಿಲ್ಲ. ಮರುಕೂಗು ಮನೆಯವರದೇ ಆಗಬೇಕು. ಅದಕ್ಕೇ ಗಂಡ ಹೋದಾಗಿನಿಂದ ಹಾಲವ್ವ ಚರಗ ಬಿಟ್ಟಿದ್ದಳು.

"ನೀ ಬೇಕಾದ್ರ ಉಪಾಸ ಬೀಳು. ಬಸರಿ ಭೂತಾಯಿನ ಯಾಕ ಉಪಾಸ ಕೆಡವ್ತಿ?" ಎಂದು ಅಮಾವಾಸ್ಯೆಯ ಹಿಂದಿನ ಸಂಜೆ ಅತ್ತೆ ಗದರಿದಳು. ಅದು ತಾಗಿತು. ಮರುದಿನ ಬೆಳಿಗ್ಗೆ ಹಾಲವ್ವನ ಮನೆಯಿಂದ ಎಳ್ಳು ಹುರಿದ ವಾಸನೆ ಬಂತು. ಕಡುಬು, ಸಜ್ಜೆ ರೊಟ್ಟಿ, ಕಡಲೆ ಪಲ್ಯ, ಶೇಂಗಾ ಹೋಳಿಗೆ, ಎಲ್ಲ ಮಾಡಿ ಬುಟ್ಟಿ ಹೊತ್ತು ಹೊಲಕ್ಕೆ ನಡೆದಳು.

ನಮ್ಮ ಹೊಲ ಈ ಕಡೆ, ದುಂಡಪ್ಪನದು ಆ ಕಡೆ, ನಡುವೆ ಹಾಲವ್ವನದು. ನಮ್ಮ ಕಡೆ ಕಡಲೆ, ದುಂಡಪ್ಪನ ಕಡೆ ಜೋಳ ಆಳೆತ್ತರ ನಿಂತಿತ್ತು; ನಮಗೆ ಹಾಲವ್ವ ಕಾಣುತ್ತಿದ್ದಳು, ಜೋಳದ ಆಚೆಯವರು ಯಾರಿಗೂ ಕಾಣುತ್ತಿರಲಿಲ್ಲ. ಕೂಗನ್ನೂ ಮರುಕೂಗನ್ನೂ ತಾನೇ ಹಾಕಿಕೊಳ್ಳುವುದೆಂದು ಹಾಲವ್ವ ಗಟ್ಟಿ ಮಾಡಿದ್ದಳು. ನಾವು ನಮ್ಮ ಚರಗ ಮುಗಿಸಿ ಉಣ್ಣಲು ಕೂತಾಗ, ಆಕೆ ಬದುವಿನ ಮೇಲೆ ನಿಂತು "ಹುಲ್ಲುಲ್ಲಿಗ್ಯೋ" ಎಂದಳು.

"ಚಲ್ಲಾಂಬರಿಗ್ಯೋ" ಎಂದು ಜೋಳದ ಆಚೆಯಿಂದ ಗಂಡಸಿನ ತುಂಬು ದನಿ ಬಂತು.

ದುಂಡಪ್ಪನ ದನಿ. ಹಿಂದೆಯೇ ಇಂದ್ರಾಬಾಯಿ ಕೇಳಿದ್ದು ನಮಗೂ ಕೇಳಿಸಿತು: "ನಾ ಇನ್ನೂ ಕೂಗೇ ಇಲ್ಲ. ಯಾರಿಗಿ ಓ ಅಂದ್ರಿ?"

ಹೆಣ್ಣುದನಿ ಕೇಳಿ ಹೆಂಡತಿಯೆಂದುಕೊಂಡು, ಕೈಯಲ್ಲಿ ನೀರಿನ ತಂಬಿಗೆ ಹಿಡಿದವನು ರೂಢಿಯಂತೆ ಓಗೊಟ್ಟಿದ್ದ. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ತೊಡೆಗೆ ಚಿವುಟಿದಳು.

ಹಾಲವ್ವ ಬುಟ್ಟಿಯಿಂದ ಇನ್ನೊಂದು ಹಿಡಿ ತುಂಬಿಕೊಂಡಳು. ಆಮೇಲೆ ಇನ್ನೊಮ್ಮೆ ಕೂಗಿದಳು.  ನಾವು ತುತ್ತು ಕೈಯಲ್ಲೇ ಹಿಡಿದು ಕಾದೆವು. ಈಗ ಅವನಿಗೆ ಕೂಗಿದವರು ಯಾರೆಂದು ಗೊತ್ತಿತ್ತು, ಸುಮ್ಮನಿರಬಹುದಿತ್ತು.

"ಚಲ್ಲಾಂಬರಿಗ್ಯೋ" ಎಂದ ದುಂಡಪ್ಪ.

ಹಾಗೇ ಆಕೆಯ ಹೊಲದ ಸುತ್ತು ಮುಗಿಯಿತು. ಆಕೆ ಬದುವಿನ ಈಚೆ, ಅವನು ಆಚೆ, ಯಾರೂ ದಾಟಲಿಲ್ಲ. ಮರುಕೂಗು ಹಾಕಿದವರಿಗೆ ಬುತ್ತಿಯಲ್ಲಿ ಪಾಲುಂಟು. ಹಾಲವ್ವ ಎರಡು ಕಡುಬು, ಒಂದು ರೊಟ್ಟಿ, ಪಲ್ಯ ಕಟ್ಟಿ ಬದುವಿನ ಮೇಲಿಟ್ಟು ಬಂದಳು. ಇಂದ್ರಾಬಾಯಿ ಬಂದು ಎತ್ತಿಕೊಂಡು ಹೋದಳು. ಹಾಲವ್ವ ಬನ್ನಿ ಗಿಡದ ಕೆಳಗೆ ಒಬ್ಬಳೇ ಕುಳಿತು ಉಂಡಳು. ಆಕೆ ಎರಡನೆಯ ರೊಟ್ಟಿಗೆ ಕೈ ಹಾಕಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್ನು ಎರಡು ಮನೆ ಒಂದಾಗುತ್ತವೆ ಅಂದುಕೊಂಡೆ. ಆಗಲಿಲ್ಲ. ಓಣಿಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದರು. ಆದರೆ ಪ್ರತಿ ಎಳ್ಳ ಅಮಾವಾಸ್ಯೆಗೆ ಆಕೆ ಕೂಗಿದಳು, ಅವನು ಓಗೊಟ್ಟ. ಎಪ್ಪತ್ತೆರಡರ ಬರದಲ್ಲಿ ಜೋಳ ಮೊಣಕಾಲೆತ್ತರವೂ ಏಳಲಿಲ್ಲ, ಇಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿ ಕಾಣುತ್ತಿದ್ದರು. ದುಂಡಪ್ಪ ಬೆನ್ನು ತಿರುಗಿಸಿ ನಿಂತು ಮರುಕೂಗು ಹಾಕಿದ.

ಹಾಲವ್ವ ಮಾತ್ರ ಅಂದಿನಿಂದ ಥಂಡಿ ಬಿದ್ದರೆ ದಿನವೂ ಒಲೆ ಹಚ್ಚಿದಳು. ಸಜ್ಜೆ ರೊಟ್ಟಿ, ಬೆಣ್ಣೆ, ನುಗ್ಗೆಸೊಪ್ಪು, ಗಜ್ಜರಿ. ಕಣ್ಣು ತಿಳಿಯಾಯಿತು, ಕೆನ್ನೆ ತುಂಬಿತು. ಒಂದು ದಿನ ಕಡಲೆ ಚಿಗುರು ಚಿವುಟುತ್ತ ಕೇಳಿದೆ, "ಈಗರೆ ತುತ್ತ ಇಳೀತೈತೇನು ಹಾಲವ್ವತ್ತಿ, ಒಬ್ಬಾಕೇ ಕುಂತ್ರ?"

"ಇಳಿಯಂಗಿಲ್ಲವಾ, ಇಳಸ್ತೀನಿ," ಎಂದಳು ಹಾಲವ್ವ. "ವರ್ಷಕ್ಕೊಮ್ಮಿ ಕೂಗಬೇಕಲ್ಲ. ದನಿ ಸಣ್ಣಾದ್ರ ಆಂವಗ ಕೇಳಸಂಗಿಲ್ಲ."