ಇವಳು ಎಂದರೆ ಯಾರು

ಗಡಿಯಾರ ರಿಪೇರಿಯವನು ಹೆಂಡತಿಯನ್ನು ಒಂದು ಸಲವೂ ಹೆಸರು ಹಿಡಿದು ಕರೆದವನಲ್ಲ. ಎದುರಿಗಿದ್ದರೆ ‘ಏ’, ಮರೆಯಲ್ಲಿದ್ದರೆ ‘ಇವಳು’. ಮೂವತ್ತಾರು ವರ್ಷದ ಸಂಸಾರ ಅಷ್ಟರಲ್ಲೇ ಸಾಗಿತು. ಉಯಿಲು ಬರೆಸುವಾಗಲೂ ನಾಲಿಗೆ ಬೇರೆ ಕಡೆ ಹೊರಳಲಿಲ್ಲ. ‘ನನ್ನ ನಂತರ ಮನೆ ಪೂರ್ತಿ ಇವಳಿಗೆ’ ಎಂದ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದೇ ಧರ್ಮ ಎಂದು ನಂಬಿದ್ದ ಪತ್ರ ಬರಹಗಾರ ಅದನ್ನೇ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದ. ಆಕೆ ನಾಲ್ವರಿಗೂ ಚಹಾ ಕೊಟ್ಟು ಒಳಗೆ ಹೋದಳು.

ಗಂಡ ತೀರಿದ ಮೇಲೆ, ಉಯಿಲು ನಿಜವಾದದ್ದೆಂದು ಕೋರ್ಟು ಮುದ್ರೆ ಒತ್ತಬೇಕು, ಅದಕ್ಕೆ ಪ್ರೊಬೇಟ್ ಎನ್ನುತ್ತಾರೆ ಎಂದು ಆಕೆಗೆ ತಿಳಿಯಿತು. ಮುದ್ರೆ ಬಿದ್ದರೆ ಮನೆ ಆಕೆಯದು. ಬೀಳದಿದ್ದರೆ ಅರ್ಧ ತನ್ನದೆಂದು ಗಂಡನ ಅಣ್ಣ ತಕರಾರು ಹಾಕಿದ್ದ. ಆಕೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಬದುಕುವ ಮುಂದಿನ ಕೋಣೆ ಆ ಅರ್ಧದಲ್ಲೇ ಹೋಗುತ್ತಿತ್ತು. ಈ ಭಾವ, ಹೆಂಡತಿ ಸತ್ತಾಗ ನಾಲ್ಕು ದಿನ ಊಟಕ್ಕೆಂದು ಬಂದವನು, ಹನ್ನೊಂದು ವರ್ಷವಾದರೂ ತಟ್ಟೆಯ ಮುಂದಿನಿಂದ ಎದ್ದಿರಲಿಲ್ಲ. ಆಕೆಯ ಮೇಲಿನ ತಕರಾರಿಗೆ ಹಾಜರಾಗಲೂ ಆಕೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿದ್ದ.

ಭಾವನ ವಕೀಲರ ವಾದ ಇಷ್ಟೇ: ಗುರುತಿನ ಚೀಟಿಯಲ್ಲಿ ಈಕೆಯ ಹೆಸರು ಬೇರೆ ಇದೆ, ‘ಇವಳು’ ಎಂದು ಎಲ್ಲಿದೆ? ಪತ್ರ ಬರಹಗಾರ ಅಷ್ಟರಲ್ಲಿ ತೀರಿಕೊಂಡಿದ್ದ. ಸಹಿ ಹಾಕಿದ ಸಾಕ್ಷಿಗಳಿಗೆ ಚಹಾ ನೆನಪಿತ್ತು, ಕೊಟ್ಟವಳ ಮುಖ ನೆನಪಿರಲಿಲ್ಲ. ಪಕ್ಕದ ಮನೆಯವನು ಬಂದು, ಇವಳು ಎಂದರೆ ಈಕೆಯೇ ಎಂದು ಪ್ರಮಾಣ ಮಾಡಿದ. ನಿಮ್ಮ ಹೆಂಡತಿಯನ್ನು ಏನನ್ನುತ್ತೀರಿ ಎಂದು ವಕೀಲರು ಕೇಳಿದಾಗ ತಲೆ ಕೆರೆದುಕೊಂಡು, ಇವಳು ಅಂತಲೇ ಎಂದ.

ಮುಂದಿನ ವಾಯಿದೆಗೆ ಜವಾನ ಬಾಗಿಲಲ್ಲಿ ನಿಂತು ‘ಇವಳು, ಇವಳು, ಇವಳು’ ಎಂದು ಮೂರು ಸಲ ಕೂಗಿದ. ಬೇರೆ ಬೇರೆ ಕೆಲಸಕ್ಕೆ ಬಂದು ಕೂತಿದ್ದ ಹದಿನೇಳು ಹೆಂಗಸರು ಚೀಲ ಎತ್ತಿಕೊಂಡು ಎದ್ದು ನಿಂತರು. ಅವರಲ್ಲಿ ನ್ಯಾಯಾಧೀಶರ ಮನೆಯವರೂ ಇದ್ದರು. ಯಜಮಾನರು ಮರೆತು ಬಂದಿದ್ದ ಕನ್ನಡಕ ಕೊಡಲು ಬಂದಿದ್ದರು.

ಕನ್ನಡಕ ಹಾಕಿಕೊಂಡ ನ್ಯಾಯಾಧೀಶರು ಎಲ್ಲರನ್ನೂ ಕೂರಿಸಿ, ಭಾವನ ಕಡೆ ತಿರುಗಿದರು. ಮನೆಯ ಮೂಲಪತ್ರ ತನ್ನ ಹತ್ತಿರವೇ ಇದೆ ಎಂದು ಅರ್ಜಿಯಲ್ಲಿ ಬರೆದಿದ್ದನಲ್ಲ, ಅದನ್ನು ತೋರಿಸು ಎಂದರು. ಭಾವ ಚೀಲ ತಡಕಿದ, ಜೇಬು ತಡಕಿದ. ಆಮೇಲೆ ಹನ್ನೊಂದು ವರ್ಷದ ಅಭ್ಯಾಸವೇ ಬಾಯಿಗೆ ಬಂತು.

“ಅದೆಲ್ಲ ನಂಗೇನ್ ಗೊತ್ತು ಸ್ವಾಮಿ? ಇವಳನ್ನ ಕೇಳಿ,” ಎಂದು ಆಕೆಯ ಕಡೆ ಗದ್ದ ಎತ್ತಿದ.

ವಕೀಲರು ಕಣ್ಣು ಮುಚ್ಚಿಕೊಂಡರು.

“ಯಾರನ್ನ?” ಎಂದರು ನ್ಯಾಯಾಧೀಶರು.

“ಇವಳನ್ನ. ಆ ಮನೇಲಿ ಏನು ಎಲ್ಲಿದೆ ಅಂತ ಇವಳನ್ನ ಬಿಟ್ರೆ ಇನ್ಯಾರಿಗೆ ಗೊತ್ತು?”

ಮುದ್ರೆ ಬಿತ್ತು. ಉಯಿಲಿನಲ್ಲಿರುವ ಹೆಸರನ್ನು ತಾನು ಬದಲಿಸುವಂತಿಲ್ಲ ಎಂದು ಗುಮಾಸ್ತ ಆದೇಶವನ್ನು ‘ಶ್ರೀಮತಿ ಇವಳು ಅವರಿಗೆ’ ಎಂದೇ ಟೈಪು ಮಾಡಿದ. ಆ ಹೆಸರಿನಲ್ಲಿ ದುಡಿದದ್ದಂತೂ ತಾನೇ, ಮನೆಯೂ ಅದರಲ್ಲೇ ಇರಲಿ ಎಂದುಕೊಂಡಳು ಆಕೆ.

ಮೆಟ್ಟಿಲಿಳಿಯುವಾಗ ಭಾವ, ಏನೂ ಆಗದವನಂತೆ, ಮನೆಗೆ ಹೋದ ಮೇಲೆ ಏನು ಅಡುಗೆ ಎಂದು ಕೇಳಿದ.

“ನಿಮ್ಮ ಬಟ್ಟೆ ಬೆಳಗ್ಗೇನೇ ಪೆಟ್ಟಿಗೇಲಿ ತುಂಬಿಟ್ಟಿದೀನಿ ಭಾವ, ಬಾಗಿಲ ಹತ್ರ ಇದೆ,” ಎಂದಳು. “ಬೇರೆ ಏನಾದ್ರೂ ಎಲ್ಲಿದೆ ಅಂತ ಕೇಳೋದಿದ್ರೆ ಈಗ್ಲೇ ಕೇಳ್ಕೊಂಡ್ಬಿಡಿ.”