ಮದುವೆಗೂ ತಿಥಿಗೂ ಅದೇ ಕೆಂಪು ಕುರ್ಚಿ

ಹಲಸೂರಿನ ಮುನಿಆಂಜನಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ. ಓದಿದ್ದು ಐದನೇ ಕ್ಲಾಸು; ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯನ್ನು ಬೈದು, ಗದರಿ, ಓಡಾಡಿ ಬೆಳೆಸಿದವನು. ಅಂಗಡಿಗೊಂದು ವೆಬ್‌ಸೈಟೂ ಇತ್ತು. ಹಂಡೆಯಿಂದ ಸೀರಿಯಲ್ ಲೈಟಿನವರೆಗೆ ಎಲ್ಲವನ್ನೂ ಒಂದೇ ಪುಟಕ್ಕೆ ತುರುಕಿದ್ದರಿಂದ ಜಮಖಾನ ಬೇಕಾದವರು ಬೆರಳು ಸವೆಯುವಷ್ಟು ಕೆಳಗಿಳಿಯಬೇಕಿತ್ತು.

ಅದನ್ನು ಸಣ್ಣ ಸಣ್ಣ ವಿಭಾಗ ಮಾಡಲು ತಂಗಿಯ ಮಗಳು ಭವ್ಯ ಕೂತಳು.

"ಕುರ್ಚಿ ಒಂದ್ಕಡೆ, ಪಾತ್ರೆ ಒಂದ್ಕಡೆ, ಲೈಟು ಒಂದ್ಕಡೆ ಹಾಕ್ತೀನಿ ಮಾಮ."

"ಜನ ಕುರ್ಚಿ ಅಂತ ಬರಲ್ಲಮ್ಮ, ಮದುವೆ ಅಂತ ಬರ್ತಾರೆ, ತಿಥಿ ಅಂತ ಬರ್ತಾರೆ. ಹಂಗೇ ಭಾಗ ಮಾಡು."

"ಎರಡರಲ್ಲೂ ಅದೇ ಕುರ್ಚಿ ಫೋಟೋ ಬರುತ್ತಲ್ಲ ಮಾಮ. ನೋಡ್ದೋರು ಏನಂದ್ಕೊಂಡಾರು?"

"ನಂಗೇ ವ್ಯಾಪಾರ ಹೇಳ್ಕೊಡ್ತೀಯಾ? ಹೇಳಿದಷ್ಟು ಮಾಡು."

ಅವಳು ಹೇಳಿದಷ್ಟು ಮಾಡಿದಳು. ಮದುವೆಯಿಂದ ಬಂದ ಕುರ್ಚಿಯೇ ಒರೆಸಿಕೊಂಡು ತಿಥಿಗೂ ಹೋಗುತ್ತದೆ ಎಂಬುದು ಬೀದಿಗೆಲ್ಲ ಗೊತ್ತು. ಆದರೆ ಬಾಯಿಬಿಟ್ಟು ಹೇಳುವವರಿಲ್ಲ, ಕೇಳುವವರೂ ಇಲ್ಲ.

ಹಿಂದಿನ ಬೀದಿಯ ಸುಭದ್ರಮ್ಮ ಮಗಳ ಮದುವೆಯ ಏರ್ಪಾಟನ್ನೆಲ್ಲ ಇವನಿಗೇ ಒಪ್ಪಿಸಿದ್ದರು. ಆಕೆ ಬೆಳಗ್ಗೆಯೇ ಬಂದು ಮೊಬೈಲನ್ನು ಮೇಜಿನ ಮೇಲಿಟ್ಟರು.

"ಹೆಣ್ಣು-ಗಂಡು ಕೂರೋ ಕೆಂಪು ಕುರ್ಚಿ ಅಂತ ತೋರಿಸಿದ್ರಲ್ಲ, ತಿಥಿ ಪುಟದಲ್ಲೂ ಅದೇ ಇದೆ ನೋಡಿ. ಕೆಳಗೆ ಬರ್ದಿದೆ, ತೀರಿಕೊಂಡವರ ಫೋಟೋ ಇಡಕ್ಕೆ ಅಂತ. ನನ್ನ ಮಗಳನ್ನ ಇದರ ಮೇಲೆ ಕೂರಿಸ್ಲಾ?"

ಮುನಿಆಂಜನಪ್ಪನ ಕೋಪ ಹತ್ತಿರ ಸಿಕ್ಕ ಭವ್ಯಳ ಮೇಲೆ ತಿರುಗಿತು. "ಎಲ್ಲಾ ಈ ಹುಡುಗಿ ಕೆಲಸ ಕಣಕ್ಕ. ಶುಭ ಅಶುಭ ಗೊತ್ತಿಲ್ದೋಳು."

"ಇಂಥವಳನ್ನ ಕೂರಿಸ್ಕೊಂಡು ಅಂಗಡಿ ನಡೆಸ್ತೀರಾ?" ಎಂದು ಭವ್ಯಳನ್ನು ಮೇಲಿಂದ ಕೆಳಗೆ ನೋಡಿ ಸುಭದ್ರಮ್ಮ ಹೊರಟುಹೋದರು.

ಭವ್ಯ ದನಿ ಏರಿಸಲಿಲ್ಲ. "ಈಗ ಬೈದ್ರಲ್ಲ ಮಾಮ, ಅದನ್ನ ಯಾವ ವಿಭಾಗಕ್ಕೆ ಹಾಕ್ಲಿ? ಮದುವೆಗಾ, ತಿಥಿಗಾ?"

ಅವನ ಕಿವಿ ಬಿಸಿಯಾಯಿತು. ಲೆಕ್ಕ, ಗಿರಾಕಿ ಯಾವುದರ ಮೇಲೂ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಸುಭದ್ರಮ್ಮನ ಮನೆಗೆ ಹೋದ. ನಡುಮನೆಯಲ್ಲಿ ಬೀಗರು ಕೂತಿದ್ದರು. ತಿರುಗಿ ಬಂದುಬಿಡೋಣ ಎನ್ನಿಸಿದರೂ ಹೊಸ್ತಿಲಲ್ಲೇ ನಿಂತು ಹೇಳಿದ:

"ಅಕ್ಕ, ಆ ಹುಡುಗಿ ಬೇಡ ಅಂತ್ಲೇ ಅಂದ್ಲು. ನಾನೇ ಗದರಿಸಿ ಹಾಕಿಸ್ದೆ. ಅವಳನ್ನ ಏನೂ ಅನ್ಬೇಡಿ."

"ಬಾಣಸವಾಡಿ ಶಾಮಿಯಾನದೋರಿಗೆ ಮದುವೆ ಆರ್ಡರ್ ಹೇಳಾಯ್ತಲ್ಲ, ಈಗೇನ್ ಮಾಡ್ಲಿ?"

"ಅದಕ್ಕೆ ಬಂದಿಲ್ಲ."

"ಬಾಣಸವಾಡಿಯೋನ ಕುರ್ಚಿ ಮೇಲೆ ಯಾರ್ ಯಾರ ಫೋಟೋ ಇಟ್ಟಿದ್ರೋ" ಎಂದು ಬೀಗರಲ್ಲೊಬ್ಬ ನಕ್ಕ. ಸುಭದ್ರಮ್ಮ ನಗಲಿಲ್ಲ. ಮುನಿಆಂಜನಪ್ಪನನ್ನೇ ನೋಡಿದರು.

"ಆ ಮಗೂಗೆ ಹೇಳಿದ್ರಾ ಇದನ್ನ?"

"ಇಲ್ಲ."

"ಮತ್ತೆ ನಂಗ್ಯಾಕ್ ಹೇಳ್ತೀರಿ? ಹೋಗ್ರಿ."

ಯಾರೂ ಕೂರು ಎನ್ನಲಿಲ್ಲ. ಅವನು ತಲೆ ತಗ್ಗಿಸಿ ಅಂಗಡಿಗೆ ಬಂದ. ಭವ್ಯ ಪುಟಗಳನ್ನು ಮೊದಲಿಂದ ಬಿಡಿಸಿ ಜೋಡಿಸುತ್ತಿದ್ದಳು. ಅವಳು ತಲೆ ಎತ್ತಲಿ ಎಂದು ಬಾಗಿಲಲ್ಲೇ ಕಾದು ನಿಂತ.